ಹಡಗುಗಳಿಗೆ ದಡದ ವಿದ್ಯುತ್

ಬಂದರಿನ ಬರ್ತ್‌ನಲ್ಲಿ ನಿಂತ ಹಡಗು ತನ್ನ ಜನರೇಟರ್‌ಗಳನ್ನು ನಿಲ್ಲಿಸಿ, ದಡದಿಂದ ಕೇಬಲ್ ಮೂಲಕ ಕರೆಂಟು ಪಡೆಯುವ ವ್ಯವಸ್ಥೆ. ಶೋರ್ ಪವರ್ ಎಂಬ ಹೆಸರೂ ಬಳಕೆಯಲ್ಲಿದೆ. ಹಡಗು ದಡ ಸೇರಿದ ಮೇಲೆ ಮುಖ್ಯ ಎಂಜಿನ್ನಿಗೆ ಕೆಲಸವಿಲ್ಲ. ಆದರೆ ದೀಪ, ಪಂಪು, ಅಡುಗೆಮನೆ, ಮೀನು ಹಣ್ಣು ತುಂಬಿದ ಶೀತಲ ಕಂಟೇನರ್‌ಗಳಿಗೆ ವಿದ್ಯುತ್ ಬೇಕೇ ಬೇಕು. ಅದಕ್ಕಾಗಿ ಸಹಾಯಕ ಡೀಸೆಲ್ ಎಂಜಿನ್‌ಗಳು ಹಗಲೂ ರಾತ್ರಿ ಓಡುತ್ತವೆ. ಅವುಗಳ ಹೊಗೆಯಲ್ಲಿರುವ ಗಂಧಕ, ಸಾರಜನಕಗಳ ಆಕ್ಸೈಡ್‌ಗಳೂ ಸೂಕ್ಷ್ಮ ಕಣಗಳೂ ಬಂದರಿನ ಸುತ್ತಲಿನ ವಸತಿಗಳಿಗೆ ಹರಡುತ್ತವೆ.

ಜೋಡಣೆ: ಕಂಟೇನರ್ ಹಡಗುಗಳಲ್ಲಿ ಕೇಬಲ್ ಸುತ್ತಿದ ರಾಟೆ ಹಡಗಿನಲ್ಲೇ ಇರುತ್ತದೆ. ಕೇಬಲನ್ನು ಕೆಳಗಿಳಿಸಿ ಬರ್ತ್ ಅಂಚಿನ ಗುಂಡಿಯಲ್ಲಿರುವ ಸಾಕೆಟ್ಟಿಗೆ ಸಿಕ್ಕಿಸುತ್ತಾರೆ. ಹಡಗಿನ ಜನರೇಟರನ್ನು ದಡದ ಕರೆಂಟಿನೊಂದಿಗೆ ಹೊಂದಿಸಿ, ಹೊರೆಯನ್ನು ಮೆಲ್ಲನೆ ವರ್ಗಾಯಿಸಿದ ಬಳಿಕವೇ ಎಂಜಿನ್ ನಿಲ್ಲಿಸುವುದು. ನಡುವೆ ದೀಪ ಆರುವುದಿಲ್ಲ. ಉಬ್ಬರವಿಳಿತಕ್ಕೆ ಹಡಗು ಏರಿಳಿದು ಕೇಬಲ್ ವಿಪರೀತ ಬಿಗಿದರೆ ಬ್ರೇಕರ್ ತಾನಾಗಿ ಬೀಳುತ್ತದೆ. ಎಣ್ಣೆ ಉರಿಸುವ ಬಾಯ್ಲರ್ ಮಾತ್ರ ದಡದ ಕರೆಂಟು ಬಂದರೂ ಉರಿಯುತ್ತಲೇ ಇರಬಹುದು. 2012ರಲ್ಲಿ ಪ್ರಕಟವಾದ ಐಇಸಿ/ಐಎಸ್‌ಒ/ಐಇಇಇ 80005-1 ಮಾನಕದ ಪ್ರಕಾರ ಕಂಟೇನರ್ ಹಡಗುಗಳಿಗೆ 6.6 ಕಿಲೋವೋಲ್ಟ್ ಪೂರೈಕೆ ಇರಬೇಕು.

ಹರ್ಟ್ಸ್ ತೊಡಕು: ದೊಡ್ಡ ಹಡಗುಗಳಲ್ಲಿ ಹೆಚ್ಚಿನವು 60 ಹರ್ಟ್ಸ್ ವಿದ್ಯುತ್ತಿನವು, ಭಾರತದ ಜಾಲ 50 ಹರ್ಟ್ಸ್. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರದ ಹೊಲಗಳ ಪಂಪ್‌ಸೆಟ್ಟಿಗೂ ಮಂಗಳೂರಿನ ಬಂದರಿಗೂ ಬರುವುದು ಇದೇ. 60 ಹರ್ಟ್ಸ್ ಮೋಟರಿಗೆ 50 ಹರ್ಟ್ಸ್ ಕೊಟ್ಟರೆ ಅದರ ವೇಗ ಸುಮಾರು ಆರನೇ ಒಂದು ಭಾಗ ಇಳಿಯುತ್ತದೆ. ಹೀಗಾಗಿ ಬಂದರಿನಲ್ಲಿ ಟ್ರಾನ್ಸ್‌ಫಾರ್ಮರಿನ ಜೊತೆಗೆ ದುಬಾರಿಯಾದ ಫ್ರೀಕ್ವೆನ್ಸಿ ಕನ್ವರ್ಟರ್ ಕೂಡ ಬೇಕಾಗುತ್ತದೆ.

ಇತಿಹಾಸ: ಸ್ವೀಡನ್ನಿನ ಗೋಥೆನ್‌ಬರ್ಗ್ ಬಂದರು 2000ದಲ್ಲಿ ಹೆಚ್ಚಿನ ವೋಲ್ಟೇಜಿನ ಪೂರೈಕೆ ಆರಂಭಿಸಿತು. ಕಂಟೇನರ್ ಹಡಗಿಗೆ ಇದು ಮೊದಲು ಒದಗಿದ್ದು ಲಾಸ್ ಏಂಜಲೀಸ್‌ನಲ್ಲಿ, 2004ರಲ್ಲಿ. ಟರ್ಮಿನಲ್ ವಿಸ್ತರಣೆಯ ವಿರುದ್ಧ ಸುತ್ತಲಿನ ನಿವಾಸಿಗಳೂ ಪರಿಸರ ಸಂಘಟನೆಗಳೂ ನ್ಯಾಯಾಲಯಕ್ಕೆ ಹೋಗಿದ್ದರ ಫಲ ಅದು. ಕ್ಯಾಲಿಫೋರ್ನಿಯಾದ ಕಡ್ಡಾಯ ನಿಯಮ 2014ರಿಂದ ಜಾರಿಗೆ ಬಂತು. ಯೂರೋಪಿನ ಒಕ್ಕೂಟ ತನ್ನ ಪ್ರಮುಖ ಬಂದರುಗಳಲ್ಲಿ 5,000 ಟನ್ನೇಜ್ ಮೀರಿದ ಕಂಟೇನರ್ ಮತ್ತು ಪ್ರಯಾಣಿಕ ಹಡಗುಗಳಿಗೆ ಇದನ್ನು 2030ರಿಂದ ಕಡ್ಡಾಯಗೊಳಿಸಿದೆ.

ಭಾರತದಲ್ಲಿ ಸೌಲಭ್ಯ ಮೊದಲು ಸಿಕ್ಕಿದ್ದು ಟಗ್‌ಗಳಂಥ ಸಣ್ಣ ನೌಕೆಗಳಿಗೆ. 2023ರ ಹರಿತ್ ಸಾಗರ್ ಮಾರ್ಗಸೂಚಿ ದೊಡ್ಡ ಹಡಗುಗಳಿಗೂ ದಡದ ವಿದ್ಯುತ್ ವಿಸ್ತರಿಸಲು ಉತ್ತೇಜನ ನೀಡುತ್ತದೆ. ಕರ್ನಾಟಕದ ಏಕೈಕ ಪ್ರಮುಖ ಬಂದರು ಪಣಂಬೂರಿನ ನವಮಂಗಳೂರು. ಕಾಫಿ, ಗೋಡಂಬಿ ಇಲ್ಲಿಂದ ಕಂಟೇನರ್‌ಗಳಲ್ಲಿ ಹೊರಡುತ್ತವೆ.

ಕರೆಂಟಿನ ಮೂಲ: ದಡದ ವಿದ್ಯುತ್ ಬಂದರಿನ ಹೊಗೆಯನ್ನೂ ಸದ್ದನ್ನೂ ಇಳಿಸುತ್ತದೆ. ಒಟ್ಟು ಮಾಲಿನ್ಯ ಎಷ್ಟು ತಗ್ಗುತ್ತದೆಂಬುದು ಕರೆಂಟು ಎಲ್ಲಿ ತಯಾರಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಮಂಗಳೂರಿನ ಬಂದರಿಗೆ ಬರುವ ಕರೆಂಟು ಇಡೀ ದೇಶದ ಜಾಲದ್ದು: 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು–ಸೋಲಾಪುರ ಮಾರ್ಗ ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲಕ್ಕೆ ಸೇರಿಸಿತು. ಯಾದಗಿರಿಯ ನೆರೆಯ ಜಿಲ್ಲೆ ರಾಯಚೂರಿನಲ್ಲಿ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ, ಕಲ್ಲಿದ್ದಲು ಉರಿಸುವ 1,720 ಮೆಗಾವಾಟ್ ಸ್ಥಾವರವಿದೆ. ಶರಾವತಿಯ ಜಲವಿದ್ಯುತ್, ಪಾವಗಡದ ಸೌರವಿದ್ಯುತ್ ಸೇರುವುದೂ ಇದೇ ಜಾಲಕ್ಕೆ. ಇದರಲ್ಲಿ ನೀರು, ಬಿಸಿಲು, ಗಾಳಿಯ ಪಾಲು ಹೆಚ್ಚಿದಷ್ಟೂ ಹಡಗಿನ ಎಂಜಿನ್ ನಿಲ್ಲಿಸಿದ್ದರ ಲಾಭ ಬಂದರಿನಾಚೆಗೂ ಹಬ್ಬುತ್ತದೆ.