ಮರುಕಥೆಗಾರನ ತಪ್ಪು ಎತ್ತುವ ಹಕ್ಕು: ಪಂಪನಿಂದ ಬಳ್ಳಾರಿ ಸೀಮೆಯ ಬಯಲಾಟದವರೆಗೆ

ಮೆಚ್ಚಿದ ಕಥೆಯನ್ನೇ ಎತ್ತಿಕೊಂಡು ಅದರ ಪಾತ್ರಗಳಿಗೆ ಬೇರೆ ಬಾಳು ಕಟ್ಟಿಕೊಡುವ ಅಭಿಮಾನಿ ಬರವಣಿಗೆ ಕನ್ನಡಕ್ಕೆ ಹೊಸದಲ್ಲ. ಕೇಳದಿದ್ದರೂ ಅದರಲ್ಲಿ ತಪ್ಪು ಎತ್ತುವುದೂ ಹೊಸದಲ್ಲ. ಕ್ರಿ.ಶ. 941ರ ಸುಮಾರಿಗೆ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿದ. ಅಷ್ಟು ದೊಡ್ಡ ಬದಲಾವಣೆ ಮಾಡಿಯೂ, ವ್ಯಾಸರ ಮಾತಿನ ಕಡಲನ್ನು ಈಜುವೆನೇ ಹೊರತು ತಾನೇ ವ್ಯಾಸನೆಂಬ ಗರ್ವವಿಲ್ಲ ಎಂದು ಮೊದಲಿಗೇ ಹೇಳಿಕೊಂಡ. ರನ್ನನ ದಾರಿ ಬೇರೆ. ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟೆದೆಯಿದೆಯೇ ಎಂದು ಅಜಿತಪುರಾಣದಲ್ಲಿ (993) ಸವಾಲೆಸೆದ. ರಾಮಾಯಣದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಿದನೆಂದ ಕುಮಾರವ್ಯಾಸನಂತೂ ಸ್ವತಃ ಟೀಕಾಕಾರ. ಆದರೆ ಅವನು ಒಬ್ಬನ ಹೆಸರನ್ನೂ ಎತ್ತಲಿಲ್ಲ. ಈ ಸಂಯಮ ನನಗೆ ಮುಖ್ಯವೆನಿಸುತ್ತದೆ.

ತನ್ನ ಕಾಡಿಗೆಯನ್ನು ಕಣ್ಣು ತಾನೇ ಕಾಣಲಾರದು, ತನ್ನ ಕಾವ್ಯದೋಷವೂ ಹಾಗೆಯೇ ಎಂಬುದು 9ನೇ ಶತಮಾನದ ಕವಿರಾಜಮಾರ್ಗದ ತಿಳಿವು. ಬೇರೊಬ್ಬರ ಕಣ್ಣು ಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ. ಯಾರ ಕಣ್ಣು, ಯಾವಾಗ ಎಂಬುದು ಉಳಿಯುತ್ತದೆ.

ಕುವೆಂಪು ಅವರ 'ಶೂದ್ರತಪಸ್ವಿ'ಯಲ್ಲಿ (1944) ರಾಮನ ಬಾಣ ಶಂಬೂಕನನ್ನು ಕೊಲ್ಲುವುದಿಲ್ಲ. ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ. ಹಳೆಯ ಕಥೆಯನ್ನು ಹೀಗೆ ತಿರುಗಿಸುವುದು ಸಲ್ಲದೆಂದು ಮಾಸ್ತಿ ಆಕ್ಷೇಪಿಸಿದರು. ಕುವೆಂಪು ಒಪ್ಪಲಿಲ್ಲ, ಉತ್ತರ ಕೊಟ್ಟರು. ಬುದ್ಧನ ಕಥೆಯನ್ನು 'ಯಶೋಧರಾ' ನಾಟಕವಾಗಿಸಿದ್ದ ಮಾಸ್ತಿಯವರಿಗೆ ಮರುಕಥನದ ಕಷ್ಟ ಗೊತ್ತಿತ್ತು. ನಾಟಕದ ಮಟ್ಟಿಗೆ ನಾನು ಕುವೆಂಪು ಕಡೆಯವನು. ಆದರೂ ಮಾಸ್ತಿಯವರ ಮಾತನ್ನು ಅಧಿಕಪ್ರಸಂಗವೆನ್ನಲಾರೆ, ಇಬ್ಬರೂ ಸಮಾನರಾಗಿ ಬಹಿರಂಗದಲ್ಲಿ ನಿಂತಿದ್ದರು. ಅದೇ ತೂಕದ ಮಾತು ಮೊದಲ ಸಲ ಪದ ಕಟ್ಟಿದ ಹುಡುಗನ ಮೇಲೆ ಬಿದ್ದರೆ ನ್ಯಾಯ ಕೆಡುತ್ತದೆ.

ಇದನ್ನು ರೂಪನಗುಡಿ, ಕುರುಗೋಡು, ಸಿರುಗುಪ್ಪ ಸೀಮೆಯ ಬಯಲಾಟ ಚೆನ್ನಾಗಿ ಬಲ್ಲದು. ಸುಗ್ಗಿ ಮುಗಿದ ಮೇಲೆ ರಾತ್ರಿ ಹೊತ್ತು ತಾಲೀಮು. ಹಾಡು, ಕುಣಿತ, ಮಾತು ಮೂರನ್ನೂ ಕಲಿಸುವ ಮಾಸ್ತರರು ಅಲ್ಲಿ ನಡುವೆಯೇ ತಡೆಯುತ್ತಾರೆ: "ಅಲ್ಲೋ ತಮ್ಮಾ, ಕರ್ಣ ಹಿಂಗ ಅಳಂಗಿಲ್ಲ. ಈ ಪದ ಬಿಡು, ಇದನ್ನ ಹಾಡು." ತಪ್ಪು ತೋರಿಸಿದ ಬಾಯಿಂದಲೇ ಬದಲಿ ಪದವೂ ಬರುತ್ತದೆ. ಬಣ್ಣ ಹಚ್ಚಿ ಅಟ್ಟ ಹತ್ತಿದ ಮೇಲೆ ಮಾತು ತಪ್ಪಿದರೆ ಆಟ ನಡೆಸುವ ಸಾರಥಿಯೇ ಪ್ರಶ್ನೆ ಹಾಕಿ ದಾರಿಗೆ ತರುತ್ತಾನೆ. ಮದ್ದಳೆ, ಮುಖವೀಣೆ ನಿಲ್ಲುವುದಿಲ್ಲ.

ಪ್ರಸಂಗದ ಕೈಬರಹದ ಪುಸ್ತಕ ಇನ್ನೊಂದೂರಿಗೆ ಹೋದರೆ ಅಲ್ಲಿನ ಮಾಸ್ತರರು ಯಾರನ್ನೂ ಕೇಳದೆ ಪದ ಬದಲಿಸುತ್ತಾರೆ, ತಮಗೆ ಒಪ್ಪದ ದೃಶ್ಯ ಬಿಡುತ್ತಾರೆ. ಸಂಪಾದನೆಗೆ ಕೂತ ನಾವು ಇಂಥ ಪಾಠಾಂತರಗಳನ್ನು ನಕಲುಗಾರನ ಪ್ರಮಾದವೆಂದು ಅಡಿಟಿಪ್ಪಣಿಗೆ ತಳ್ಳುತ್ತೇವೆ. ಒಬ್ಬ ಮರುಕಥೆಗಾರ ಇನ್ನೊಬ್ಬನಿಗೆ ನೋವಾಗದಂತೆ ಬರೆದ ವಿಮರ್ಶೆ ಎಂದು ಅವುಗಳನ್ನು ಓದುವ ಕೆಲಸ ಬಳ್ಳಾರಿ ಸೀಮೆಯ ಹಸ್ತಪ್ರತಿಗಳಿಂದಲೇ ಶುರುವಾಗಬಹುದು.