ಎರಡು ವರ್ಷದ ದಯೆ

ನಮ್ಮ ದೇಶದ 1986ರ ಬಾಲನ್ಯಾಯ ಕಾಯಿದೆಯನ್ನು ಮೊದಲ ಸಲ ಓದಿದಾಗ ಒಂದು ಸಾಲಿನಲ್ಲಿ ನನ್ನ ಕಣ್ಣು ನಿಂತಿತು. ಹುಡುಗನು 16 ತುಂಬುವವರೆಗೆ ಬಾಲಕ. ಹುಡುಗಿಯಾದರೋ 18 ತುಂಬುವವರೆಗೆ ಬಾಲಕಿ. ಹೆಣ್ಣುಮಕ್ಕಳಿಗೆ ಸರ್ಕಾರವು ಎರಡು ವರ್ಷ ಹೆಚ್ಚಿನ ದಯೆ ತೋರಿದೆಯಲ್ಲಾ ಎಂದು ಸಂತೋಷಪಟ್ಟೆ. ಇಂಥ ದಯೆಯ ಚರಿತ್ರೆಯನ್ನು ಹುಡುಕಿಕೊಂಡು ಹೋದ ಮೇಲೆ ಆ ಸಂತೋಷ ಉಳಿಯಲಿಲ್ಲ.

ಮಕ್ಕಳಿಗೆಂದೇ ಒಂದು ನ್ಯಾಯಾಲಯ ಅಮೆರಿಕದಲ್ಲಿ ಮೊದಲು ಏರ್ಪಟ್ಟದ್ದು ಚಿಕಾಗೋ ನಗರದಲ್ಲಿ, 1899ರಲ್ಲಿ. ಜೇನ್ ಆಡಮ್ಸ್ ಅವರ ಹಲ್ ಹೌಸ್ ಬಳಗದ ಮಹಿಳೆಯರು ಅದಕ್ಕಾಗಿ ದುಡಿದರು. ಮಗುವನ್ನು ದಂಡಿಸಬಾರದು, ತಂದೆಯಂತೆ ತಿದ್ದಬೇಕು ಎಂಬುದು ಅದರ ಹಿಂದಿನ ಭಾವನೆ. ಉದಾತ್ತವಾದ ಭಾವನೆಯೇ ಸರಿ. ಆದರೆ ತಂದೆಯ ಮನೆಯಲ್ಲಿ ಮಗನಿಗೊಂದು ನ್ಯಾಯ, ಮಗಳಿಗೊಂದು ನ್ಯಾಯ ಇರುವುದನ್ನು ಯಾರು ತಾನೆ ಅರಿಯರು? ಕೆಲವೇ ವರ್ಷಗಳಲ್ಲಿ ಕಳ್ಳತನ, ಹೊಡೆದಾಟಗಳ ಸಾಲಿಗೆ ಮನೆ ಬಿಟ್ಟು ಹೋಗುವುದು, ಹಿರಿಯರ ಮಾತು ಮೀರುವುದು, ಕೆಟ್ಟವರ ಸಹವಾಸ ಮಾಡುವುದು ಇವೂ ಸೇರಿಕೊಂಡುವು. ಹುಡುಗ ಸಿಕ್ಕಿದರೆ ಪೋಲೀಸಿನವರ ಪ್ರಶ್ನೆ, ಏನು ಮಾಡಿದೆ ಎಂದು. ಹುಡುಗಿ ಸಿಕ್ಕಿದರೆ, ಯಾರ ಜೊತೆಯಲ್ಲಿದ್ದೆ ಎಂದು. 1910ರಲ್ಲಿ ಲಾಸ್ ಏಂಜಲಿಸ್ ಪೋಲೀಸನ್ನು ಸೇರಿದ ಆಲಿಸ್ ಸ್ಟೆಬಿನ್ಸ್ ವೆಲ್ಸ್ ಎಂಬಾಕೆಯ ಪಾಲಿಗೆ ಬಂದದ್ದೂ ನೃತ್ಯಶಾಲೆ, ಸಿನಿಮಾ ಮಂದಿರಗಳ ಕಾವಲೇ.

ಹೆಣ್ಣೆಂದರೆ ಪೋಲೀಸರಿಗೂ ನ್ಯಾಯಾಧೀಶರಿಗೂ ಕನಿಕರ ಹೆಚ್ಚು ಎಂದು 1950ರಲ್ಲಿ ಆಟೋ ಪೊಲಾಕ್ ಬರೆದರು. ಹೊನೊಲುಲು ನಗರದ ಬಾಲನ್ಯಾಯಾಲಯದ ಹಳೆಯ ಕಡತಗಳನ್ನು ಬಿಚ್ಚಿ ನೋಡಿದ ಮೇಡಾ ಚೆಸ್ನಿ-ಲಿಂಡ್ 1973ರಲ್ಲಿ ಬೇರೆಯೇ ಕಥೆ ಹೇಳಿದರು. ಅಲ್ಲಿಗೆ ಬಂದ ಬಹುಪಾಲು ಹುಡುಗಿಯರ ತಪ್ಪು ಅಪರಾಧವಲ್ಲ, ನಡತೆ. ಅವರ ಶೀಲವನ್ನು ತಿಳಿಯಲು ವೈದ್ಯರಿಂದ ದೇಹಪರೀಕ್ಷೆ ಮಾಡಿಸಲಾಗುತ್ತಿತ್ತು. ಹುಡುಗ ಮಾಡಿದರೆ ತುಂಟತನವೆನಿಸುವ ಕೆಲಸಕ್ಕೆ ಹುಡುಗಿಗೆ ಬಂಧನ! ಕನಿಕರವಿತ್ತು, ನಿಜ, ಆದರೆ ಅದು ಅಂಕೆಯಲ್ಲಿರುವ ಹುಡುಗಿಗೆ ಮಾತ್ರ. ಮನೆಯಲ್ಲಿ ಹೊಡೆತ ತಾಳಲಾರದೆ ಓಡಿಬಂದವಳು ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ.

ವಯಸ್ಸಿನ ಈ ಭೇದವನ್ನು ನ್ಯೂಯಾರ್ಕಿನ ಉಚ್ಚ ನ್ಯಾಯಾಸ್ಥಾನ 1972ರಲ್ಲಿ ತಳ್ಳಿಹಾಕಿತು. ಮನೆ ಬಿಟ್ಟು ಓಡಿದಂಥ ಮಕ್ಕಳನ್ನು ಕೂಡಿಹಾಕಬಾರದೆಂದು 1974ರಲ್ಲಿ ಅಮೆರಿಕದ ಕೇಂದ್ರ ಕಾಯಿದೆ ಹೇಳಿತು. ನಮ್ಮಲ್ಲಿ 2000ದ ಕಾಯಿದೆ ಗಂಡು ಹೆಣ್ಣೆನ್ನದೆ ಇಬ್ಬರಿಗೂ 18 ಎಂದು ಗೊತ್ತುಮಾಡಿತು.

ಪುಸ್ತಕದಲ್ಲಿ ಅಂಕಿ ಸಮವಾಯಿತು. ಆದರೂ ಕತ್ತಲಾದ ಮೇಲೆ ಒಂಟಿ ಹುಡುಗಿಯೊಬ್ಬಳು ಠಾಣೆಯ ಮೆಟ್ಟಿಲು ಹತ್ತುವುದನ್ನು ನೆನೆದಾಗ, ಅವಳಿಗೆ ಎದುರಾಗುವ ಮೊದಲ ಪ್ರಶ್ನೆ ಯಾವುದೋ ಎಂದು ನನಗೆ ಇಂದಿಗೂ ಅಳುಕಾಗುತ್ತದೆ.