ಕಳೆದುಹೋದ ಪತ್ತು ಮತ್ತು ಅದರ ಬೆಲೆ

ಹಣಕಾಸಿನ ವ್ಯವಹಾರದಲ್ಲಿ ‘ಪತ್ತು’ ಎಂಬ ಶಬ್ದವು ಕನ್ನಡಿಗರಿಗೆ ಹೊಸದಲ್ಲ. ಊರೂರಿನ ಪತ್ತಿನ ಸಹಕಾರ ಸಂಘಗಳ ನಾಮಫಲಕಗಳಲ್ಲಿ ಅದು ಇಂದಿಗೂ ಉಳಿದುಬಂದಿದೆ. ಕೈಯಲ್ಲಿ ಹಣವಿಲ್ಲದ ವೇಳೆಯಲ್ಲಿಯೂ ಮಾತಿನ ಮೇಲೆ ಸರಕು ದೊರೆಯಬೇಕಾದರೆ ಮನುಷ್ಯನಿಗೆ ಪತ್ತು ಇರಬೇಕು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವು ಹುಟ್ಟಿಕೊಂಡಾಗ, ಸಾಲ ಕೇಳುವವನೂ ಕೊಡುವವರೂ ಒಂದೇ ಊರಿನವರು. ಯಾರು ಮಾತಿಗೆ ನಿಲ್ಲುವರು, ಯಾರು ಮಳೆ ಕೈಕೊಟ್ಟದ್ದರಿಂದ ಸೋತರು, ಯಾರು ದುಂದಿನಿಂದ ಸೋತರು ಎಂಬುದನ್ನು ತಿಳಿಯಲು ಅಲ್ಲಿ ಬೇರೆ ಕಡತವು ಬೇಕಾಗಿರಲಿಲ್ಲ.

ಆದರೆ ಪರಸ್ಪರ ಪರಿಚಯವೇ ಇಲ್ಲದವರ ನಡುವೆ ಸಾಲ ನಡೆಯಬೇಕಾದರೆ ಏನು ಮಾಡಬೇಕು? ಒಮ್ಮೆ ಪತ್ತು ಕಳೆದುಕೊಂಡವನು ಅದನ್ನು ಮರಳಿ ಗಳಿಸುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಅಮೆರಿಕವು ಕಂಡುಕೊಂಡ ಉತ್ತರಗಳೇ ಇಂದು ನಮ್ಮ ದೇಶದ ಬ್ಯಾಂಕುಗಳಲ್ಲಿಯೂ ಬಳಕೆಯಲ್ಲಿವೆ. ಎರಡನೆಯ ಪ್ರಶ್ನೆಗೆ ಅಲ್ಲಿ ದೊರೆತ ಉತ್ತರಗಳಲ್ಲಿ ಒಂದು, ಅತಿಬಡ್ಡಿಯ ಕ್ರೆಡಿಟ್ ಕಾರ್ಡು. ಅದರ ಹಿನ್ನೆಲೆಯನ್ನು ಅರಿಯುವುದು ಲೇವಾದೇವಿಯ ವಿಷಯ ಮಾತ್ರವಲ್ಲ, ನೀತಿಯ ವಿಷಯವೂ ಹೌದು.

ಕಡತದ ಹುಟ್ಟು

1837ರಲ್ಲಿ ಅಮೆರಿಕದ ವಾಣಿಜ್ಯವು ಮಹಾ ಮುಗ್ಗಟ್ಟಿಗೆ ಸಿಲುಕಿತು. ನ್ಯೂಯಾರ್ಕಿನಲ್ಲಿ ಆರ್ಥರ್ ಟಪ್ಪನ್ ಮತ್ತು ಅವರ ತಮ್ಮ ಲೂಯಿಸ್ ಟಪ್ಪನ್ ನಡೆಸುತ್ತಿದ್ದ ರೇಷ್ಮೆ ವ್ಯಾಪಾರದ ಮನೆಯು ದೂರದ ಊರುಗಳ ಅಂಗಡಿಗಳಿಗೆ ಕೊಟ್ಟ ಸಾಲ ಬಾರದೆ ಪಾವತಿ ನಿಲ್ಲಿಸಬೇಕಾಯಿತು. ತಮಗೆ ಸಾಲ ಕೊಟ್ಟವರಿಂದ ಕಾಲಾವಕಾಶ ಪಡೆದು ಸಹೋದರರು ಬಾಕಿಯನ್ನು ತೀರಿಸಿದರು. ಗುಲಾಮಗಿರಿಯ ವಿರುದ್ಧ ಹೋರಾಡಿದವರೆಂದು ಚರಿತ್ರೆಯಲ್ಲಿ ಹೆಸರಾದ ಲೂಯಿಸ್ ಟಪ್ಪನ್ನರು ಈ ಅನುಭವದ ಬಳಿಕ, 1841ರಲ್ಲಿ, ಮರ್ಕಂಟೈಲ್ ಏಜೆನ್ಸಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಊರೂರಿನ ವಕೀಲರೂ ಇತರ ಬಾತ್ಮೀದಾರರೂ ತಮ್ಮ ಊರಿನ ವರ್ತಕರ ಆಸ್ತಿ, ನಡತೆ, ಮಾತಿನ ನಿಷ್ಠೆಗಳನ್ನು ಕುರಿತು ಬರೆದು ಕಳುಹಿಸುವರು. ಅದನ್ನು ದಪ್ಪ ಪುಸ್ತಕಗಳಲ್ಲಿ ನಕಲು ಮಾಡಿ, ಚಂದಾ ಕೊಟ್ಟ ವ್ಯಾಪಾರಿಗಳಿಗೆ ತಿಳಿಸುವರು. ಮುಂದೆ ರಾಷ್ಟ್ರಾಧ್ಯಕ್ಷರಾದ ಅಬ್ರಹಾಂ ಲಿಂಕನ್ನರೂ ವಕೀಲಿ ಮಾಡುತ್ತಿದ್ದ ದಿನಗಳಲ್ಲಿ ಇಂತಹ ಬಾತ್ಮೀದಾರರಲ್ಲಿ ಒಬ್ಬರಾಗಿದ್ದರು. ಆ ಪುಸ್ತಕಗಳಲ್ಲಿ 2,500ಕ್ಕೂ ಹೆಚ್ಚು ಸಂಪುಟಗಳು ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇಂದಿಗೂ ಉಳಿದಿವೆ. ಬಿದ್ದು ಎದ್ದ ಒಂದು ವ್ಯಾಪಾರದ ಮನೆಯಿಂದಲೇ ಬೀಳುವವರ ಲೆಕ್ಕ ಇಡುವ ಪದ್ಧತಿಯು ಹೊರಟಿತೆಂಬುದು ಗಮನಾರ್ಹ.

ಇದರ ದೋಷವೂ ಬೇಗನೆ ಬಯಲಾಯಿತು. ಓಹಾಯೊ ರಾಜ್ಯದ ನಾರ್ವಾಕ್ ಪಟ್ಟಣದ ವರ್ತಕ ಜಾನ್ ಬಿಯರ್ಡ್‌ಸ್ಲಿಯ ಹೆಂಡತಿಯು ವಿಚ್ಛೇದನ ಕೇಳಲಿದ್ದಾಳೆಂಬ ಸುದ್ದಿಯನ್ನು 1848ರಲ್ಲಿ ಸಂಸ್ಥೆಯು ತನ್ನ ಗ್ರಾಹಕರಿಗೆ ತಿಳಿಸಿತು. ಇದರಿಂದ ತನ್ನ ವ್ಯಾಪಾರ ಕೆಟ್ಟಿತೆಂದು ಆತನು ದಾವೆ ಹೂಡಿದನು. 1851ರಲ್ಲಿ ನ್ಯಾಯದರ್ಶಿಗಳು 10,000 ಡಾಲರುಗಳ ಪರಿಹಾರ ಗೊತ್ತುಮಾಡಿದರು. 1870ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿತು. ಯಾರೋ ಆಡಿದ ಮಾತು ಕಡತಕ್ಕೆ ಏರಿದೊಡನೆ ಅದಕ್ಕೆ ಪ್ರಮಾಣದ ತೂಕ ಬರುತ್ತದೆ. ತನ್ನ ಬಗ್ಗೆ ಏನು ಬರೆಯಲಾಗಿದೆ ಎಂಬುದೇ ತಿಳಿಯದವನು ಅದನ್ನು ಅಲ್ಲಗಳೆಯುವುದಾದರೂ ಹೇಗೆ?

1899ರಲ್ಲಿ ಅಟ್ಲಾಂಟಾ ನಗರದಲ್ಲಿ ಕೇಟರ್ ಮತ್ತು ಗೈ ವುಲ್ಫರ್ಡ್ ಸಹೋದರರು ರಿಟೇಲ್ ಕ್ರೆಡಿಟ್ ಕಂಪನಿಯನ್ನು ಆರಂಭಿಸಿದ ಮೇಲೆ, ವರ್ತಕರ ಜೊತೆಗೆ ಸಾಮಾನ್ಯ ಗೃಹಸ್ಥರೂ ಕಡತಕ್ಕೆ ಸೇರಿದರು. 1975ರಲ್ಲಿ ಈ ಸಂಸ್ಥೆಯು ಎಕ್ವಿಫ್ಯಾಕ್ಸ್ ಎಂಬ ಹೆಸರನ್ನು ತಾಳಿತು. ಕುಡಿತ, ಸಂಸಾರದ ಜಗಳ, ನೆರೆಹೊರೆಯವರ ಅಭಿಪ್ರಾಯ, ಇವೆಲ್ಲವೂ ಇಂತಹ ಕಡತಗಳಲ್ಲಿ ಸೇರಿರುತ್ತಿದ್ದವೆಂಬುದು ಬೆಳಕಿಗೆ ಬಂದಾಗ ಜನರಲ್ಲಿ ಅಸಮಾಧಾನ ಹಬ್ಬಿತು. 1970ರಲ್ಲಿ ಅಮೆರಿಕದ ಸಂಸತ್ತು ನ್ಯಾಯಯುತ ಪತ್ತುವರದಿಯ ಕಾಯಿದೆಯನ್ನು ಅಂಗೀಕರಿಸಿತು. ತನ್ನ ಕಡತದಲ್ಲಿರುವುದನ್ನು ತಿಳಿಯುವ ಮತ್ತು ತಪ್ಪನ್ನು ಪ್ರಶ್ನಿಸುವ ಹಕ್ಕು ಆಗ ಪ್ರಜೆಗೆ ದೊರೆಯಿತು. ಇದಕ್ಕಿಂತಲೂ ಮಹತ್ತಾದ ನಿಯಮ ಮತ್ತೊಂದಿತ್ತು. ಬಾಕಿ ಉಳಿಸಿಕೊಂಡದ್ದೇ ಮೊದಲಾದ ಪ್ರತಿಕೂಲ ಸಂಗತಿಗಳನ್ನು ಸಾಮಾನ್ಯವಾಗಿ 7 ವರ್ಷಗಳ ಬಳಿಕ ವರದಿಯಿಂದ ತೆಗೆದುಹಾಕಬೇಕು. ದಿವಾಳಿಯ ವಿಷಯಕ್ಕೆ ಮೊದಲು 14 ವರ್ಷಗಳ ಅವಧಿ ಇತ್ತು. 1978ರ ಶಾಸನವು ಅದನ್ನು 10ಕ್ಕೆ ಇಳಿಸಿತು. ಮರೆಯುವುದೂ ನ್ಯಾಯದ ಒಂದು ಅಂಗವೆಂಬುದನ್ನು ಕಾನೂನು ಹೀಗೆ ಒಪ್ಪಿಕೊಂಡಿತು.

ನಡತೆಯಿಂದ ಅಂಕಿಗೆ

1956ರಲ್ಲಿ ಬಿಲ್ ಫೇರ್ ಮತ್ತು ಅರ್ಲ್ ಐಸಾಕ್ ಎಂಬಿಬ್ಬರು ಸ್ಥಾಪಿಸಿದ ಸಂಸ್ಥೆಯು ಸಾಲ ಕೊಡುವ ನಿರ್ಧಾರಕ್ಕೆ ಗಣಿತವನ್ನು ಅಳವಡಿಸಿತು. 1989ರಲ್ಲಿ ಸಾರ್ವತ್ರಿಕವಾಗಿ ಬಳಸಬಹುದಾದ ಅದರ ಅಂಕವು ಬಳಕೆಗೆ ಬಂದಿತು. 300ರಿಂದ 850ರವರೆಗಿನ ಈ ಅಂಕದಲ್ಲಿ ಗಡುವಿಗೆ ಸರಿಯಾಗಿ ಪಾವತಿ ಮಾಡಿದ ದಾಖಲೆಗೆ ಶೇಕಡಾ 35ರಷ್ಟು, ಇರುವ ಸಾಲದ ಮೊತ್ತಕ್ಕೆ ಹಾಗೂ ಮಿತಿಯಲ್ಲಿ ಎಷ್ಟು ಭಾಗ ಬಳಕೆಯಾಗಿದೆ ಎಂಬುದಕ್ಕೆ ಶೇಕಡಾ 30ರಷ್ಟು ಮಹತ್ತ್ವವಿದೆ. ಉಳಿದದ್ದು ದಾಖಲೆಯ ವಯಸ್ಸು, ಹೊಸ ಸಾಲದ ಅರ್ಜಿಗಳು, ಸಾಲಗಳ ವೈವಿಧ್ಯ ಇವುಗಳಿಗೆ ಹಂಚಿಹೋಗಿದೆ. ಈ ಬದಲಾವಣೆಯಿಂದ ಒಂದು ಒಳಿತಾಯಿತು: ನೆರೆಯವರ ಚಾಡಿಗೆ ಸ್ಥಾನವಿಲ್ಲದಾಯಿತು. ಒಂದು ಕೊರತೆಯೂ ಉಂಟಾಯಿತು. ಕಾಯಿಲೆಯಿಂದ ಬಾಕಿ ಉಳಿಸಿಕೊಂಡವನಿಗೂ ಜೂಜಿನಿಂದ ಉಳಿಸಿಕೊಂಡವನಿಗೂ ಅಂಕಿಯು ಭೇದವೆಣಿಸದು. ಅಷ್ಟೇ ಅಲ್ಲ, ಎಂದೂ ಸಾಲ ಮಾಡದೆ ಮಿತವಾಗಿ ಬಾಳಿದವನಿಗೆ ಅಲ್ಲಿ ಅಂಕವೇ ಇಲ್ಲ. ಇಲ್ಲಿಂದ ಅಮೆರಿಕಕ್ಕೆ ತೆರಳಿದ ನಮ್ಮ ಎಷ್ಟೋ ಯುವಕ ಯುವತಿಯರು ಮೊದಲ ವರ್ಷದಲ್ಲಿ ಎದುರಿಸುವ ತೊಡಕು ಇದೇ ಆಗಿದೆ.

ಬಡ್ಡಿಯ ಕಟ್ಟು ಸಡಿಲಿದ ಬಗೆ

1958ರಲ್ಲಿ ಕ್ಯಾಲಿಫೋರ್ನಿಯದ ಫ್ರೆಸ್ನೊ ನಗರದಲ್ಲಿ ಬ್ಯಾಂಕ್ ಆಫ್ ಅಮೆರಿಕವು ಸುಮಾರು 60,000 ಮಂದಿಗೆ ಅವರು ಕೇಳದೆಯೇ ಅಂಚೆಯ ಮೂಲಕ ಕಾರ್ಡುಗಳನ್ನು ಕಳುಹಿಸಿದ್ದು ಬ್ಯಾಂಕ್ ಕಾರ್ಡಿನ ಚರಿತ್ರೆಯಲ್ಲಿ ಪ್ರಸಿದ್ಧವಾದ ಘಟನೆ. ಆಗ ಬಡ್ಡಿಯು ವರ್ಷಕ್ಕೆ ಶೇಕಡಾ 18ರಷ್ಟಿತ್ತು. ಅನೇಕ ರಾಜ್ಯಗಳಲ್ಲಿ ಬಡ್ಡಿಗೆ ಕಾನೂನಿನ ಮಿತಿ ಇದ್ದಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯವು, ರಾಷ್ಟ್ರೀಯ ಬ್ಯಾಂಕೊಂದು ತಾನು ನೆಲೆಸಿರುವ ರಾಜ್ಯದ ಬಡ್ಡಿಯನ್ನೇ ಬೇರೆ ರಾಜ್ಯದ ಗ್ರಾಹಕರಿಗೂ ವಿಧಿಸಬಹುದೆಂದು ತೀರ್ಪಿತ್ತಿತು. ಹಣದುಬ್ಬರದಿಂದ ಬ್ಯಾಂಕುಗಳು ತತ್ತರಿಸುತ್ತಿದ್ದ ಕಾಲವದು. ಸೌತ್ ಡಕೋಟ ರಾಜ್ಯವು 1980ರಲ್ಲಿ ಬಡ್ಡಿಯ ಮಿತಿಯನ್ನು ತೆಗೆದುಹಾಕಿ ಉದ್ಯೋಗಗಳನ್ನು ಆಹ್ವಾನಿಸಿತು. ಸಿಟಿಬ್ಯಾಂಕ್ ತನ್ನ ಕಾರ್ಡಿನ ವ್ಯವಹಾರವನ್ನು ನ್ಯೂಯಾರ್ಕಿನಿಂದ ಅಲ್ಲಿನ ಸೂ ಫಾಲ್ಸ್ ನಗರಕ್ಕೆ ಸಾಗಿಸಿತು. 1981ರಲ್ಲಿ ಡೆಲವೇರ್ ರಾಜ್ಯವೂ ಅದೇ ಹಾದಿಯನ್ನು ಹಿಡಿಯಿತು. ಒಂದು ಸಣ್ಣ ರಾಜ್ಯವು ತೆರೆದ ಬಾಗಿಲಿನಿಂದ ಇಡೀ ದೇಶದ ಬಡ್ಡಿಯ ಕಟ್ಟು ಸಡಿಲವಾಯಿತು.

ಅದೇ ಸೂ ಫಾಲ್ಸ್ ನಗರದ ಫಸ್ಟ್ ಪ್ರೀಮಿಯರ್ ಬ್ಯಾಂಕು ಪತ್ತು ಕೆಟ್ಟವರಿಗಾಗಿ ಕೊಡುತ್ತಿದ್ದ ಕಾರ್ಡು ನಮ್ಮ ವಿಷಯಕ್ಕೆ ತಕ್ಕ ನಿದರ್ಶನ. 2009ರವರೆಗೆ ಅದರ ಒಂದು ಕಾರ್ಡಿನಲ್ಲಿ ಸಾಲದ ಮಿತಿ 250 ಡಾಲರು. ಮೊದಲ ವರ್ಷದ ಶುಲ್ಕಗಳೇ 256 ಡಾಲರು! ಬಡ್ಡಿ ಮಾತ್ರ ಶೇಕಡಾ 9.9. ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು. 2009ರ ಮೇ ತಿಂಗಳಲ್ಲಿ ಹೊಸ ಕಾಯಿದೆಯೊಂದಕ್ಕೆ ಅಂಕಿತ ಬಿದ್ದು, 2010ರ ಫೆಬ್ರವರಿಯಿಂದ ಮೊದಲ ವರ್ಷದ ಶುಲ್ಕವು ಮಿತಿಯ ಶೇಕಡಾ 25ನ್ನು ಮೀರಬಾರದೆಂದಾಯಿತು. ಬ್ಯಾಂಕು ಕೂಡಲೇ 300 ಡಾಲರುಗಳ ಮಿತಿಗೆ 75 ಡಾಲರು ಶುಲ್ಕವೆಂದು, ಕಾನೂನಿನ ಗೆರೆಗೆ ಸರಿಯಾಗಿ, ನಿಗದಿಮಾಡಿತು. ಬಡ್ಡಿಗೆ ಕಾಯಿದೆಯಲ್ಲಿ ಮಿತಿ ಇರಲಿಲ್ಲವಾದ್ದರಿಂದ ಅದನ್ನು ಶೇಕಡಾ 79.9ಕ್ಕೆ ಏರಿಸಿತು. 300 ಡಾಲರು ಬಾಕಿ ಉಳಿದರೆ ತಿಂಗಳೊಂದಕ್ಕೆ ಬಡ್ಡಿಯೇ ಸುಮಾರು 20 ಡಾಲರು. ಒಂದು ಬಾಗಿಲನ್ನು ಮುಚ್ಚಿದರೆ ಲೋಭವು ಮತ್ತೊಂದನ್ನು ಹುಡುಕಿಕೊಳ್ಳುವುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬಡ್ಡಿಯು ಪತ್ತನ್ನು ಕೊಳ್ಳಲಾರದು

ಬ್ಯಾಂಕಿನ ಪಕ್ಷದಲ್ಲಿಯೂ ಹೇಳುವ ಮಾತು ಇಲ್ಲದಿಲ್ಲ. ಒಮ್ಮೆ ಬಾಕಿ ಉಳಿಸಿಕೊಂಡವರಲ್ಲಿ ಮತ್ತೆ ಉಳಿಸಿಕೊಳ್ಳುವವರ ಪ್ರಮಾಣ ಹೆಚ್ಚು. ಆ ನಷ್ಟವನ್ನು ಯಾರಾದರೂ ಭರಿಸಲೇಬೇಕು. ಬೇರಾರೂ ಬಾಗಿಲು ತೆರೆಯದಿದ್ದಾಗ ಇದಾದರೂ ಒಂದು ಬಾಗಿಲು. ಈ ವಾದದಲ್ಲಿ ಸತ್ಯಾಂಶವಿದೆ. ಅಪಾಯಕ್ಕೆ ಒಂದು ಬೆಲೆ ಇರುವುದು ಸಹಜ. ಆದರೆ ಬಿದ್ದವನನ್ನು ಎತ್ತಲೆಂದು ಚಾಚಿದ ಕೈಯೇ ಅವನನ್ನು ಮತ್ತೆ ಬೀಳಿಸುವಷ್ಟು ಭಾರವಾದರೆ ಅದನ್ನು ಸಹಾಯವೆಂದು ಕರೆಯಲಾಗದು.

ಇಲ್ಲಿ ಬಹುಮಂದಿಯಲ್ಲಿ ಬೇರೂರಿರುವ ಒಂದು ತಪ್ಪು ತಿಳಿವಳಿಕೆಯನ್ನು ಹೇಳಲೇಬೇಕು. ತಿಂಗಳು ತಿಂಗಳೂ ಸ್ವಲ್ಪ ಬಾಕಿ ಉಳಿಸಿ ಬಡ್ಡಿ ಕಟ್ಟುತ್ತಿದ್ದರೆ ದಾಖಲೆ ಸುಧಾರಿಸುವುದೆಂದು ಅನೇಕರು ನಂಬಿದ್ದಾರೆ. ಇದು ಸರಿಯಲ್ಲ. ಕಟ್ಟಿದ ಬಡ್ಡಿಗೆ ಅಂಕದಲ್ಲಿ ಯಾವ ಸ್ಥಾನವೂ ಇಲ್ಲ. ದಾಖಲೆಯನ್ನು ಕಟ್ಟುವುದು ಗಡುವಿಗೆ ತಪ್ಪದ ಪಾವತಿ ಮತ್ತು ಮಿತಿಗಿಂತ ಬಹಳ ಕೆಳಗಿನ ಬಳಕೆ, ಇವೆರಡೇ ಮುಖ್ಯವಾಗಿ. ಬಹುತೇಕ ಕಾರ್ಡುಗಳಲ್ಲಿ ಖರೀದಿಯ ಮೊತ್ತವನ್ನು ಗಡುವಿನೊಳಗೆ ಪೂರ್ಣವಾಗಿ ತೀರಿಸಿದವನಿಗೆ ಬಡ್ಡಿಯೇ ಬೀಳದು. ಶೇಕಡಾ 79.9ರ ಕಾರ್ಡಿನಲ್ಲಿ ಹತ್ತು ಡಾಲರಿನ ಒಂದು ಖರೀದಿ ಮಾಡಿ ಅದನ್ನು ಪೂರ್ತಿ ತೀರಿಸಿದವನಿಗೂ, ಮುನ್ನೂರನ್ನೂ ಬಳಸಿ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಬಡ್ಡಿಯಲ್ಲಿ ಮುಳುಗಿದವನಿಗೂ ‘ಗಡುವಿಗೆ ಪಾವತಿ’ ಎಂಬ ಬರಹವು ಒಂದೇ ಬಗೆಯಾಗಿ ಬೀಳುತ್ತದೆ. ಮಿತಿಯ ಬಳಕೆಯ ಲೆಕ್ಕದಲ್ಲಾದರೋ ಎರಡನೆಯವನು ಇನ್ನೂ ಹಿಂದೆಬೀಳುತ್ತಾನೆ. ಪತ್ತನ್ನು ಗಳಿಸಿಕೊಡುವುದು ನಿಯಮನಿಷ್ಠೆಯೇ ಹೊರತು ತೆತ್ತ ಹಣವಲ್ಲ. ಆದ್ದರಿಂದಲೇ, ಬ್ಯಾಂಕಿನಲ್ಲಿ ಠೇವಣಿ ಇರಿಸಿ ಅದರ ಆಧಾರದ ಮೇಲೆ ಕಾರ್ಡು ಪಡೆಯುವ ಮಾರ್ಗವು ಅಮೆರಿಕದಲ್ಲಿಯೂ ನಮ್ಮಲ್ಲಿಯೂ ಇರುವಾಗ, ದುಬಾರಿ ಶುಲ್ಕದ ಕಾರ್ಡಿಗೆ ಕೈಚಾಚುವುದು ಕಡೆಯ ಉಪಾಯವಾಗಿರಬೇಕು.

ಕಳೆದ ಪತ್ತು ಯಾವಾಗಲೂ ಸ್ವಂತ ತಪ್ಪಿನಿಂದಲೇ ಕಳೆದುದಾಗಿರಬೇಕೆಂದಿಲ್ಲ. 1991ರಲ್ಲಿ ವರ್ಮಾಂಟ್ ರಾಜ್ಯದ ನಾರ್ವಿಚ್ ಎಂಬ ಸಣ್ಣ ಊರಿನಲ್ಲಿ, ತೆರಿಗೆ ಕಟ್ಟಿದವರ ಪಟ್ಟಿಯನ್ನೇ ಬಾಕಿದಾರರ ಪಟ್ಟಿಯೆಂದು ಎಣಿಸಿ ಬರೆದುಕೊಂಡದ್ದರಿಂದ ಸುಮಾರು 1,400 ಮಂದಿ ಪ್ರಾಮಾಣಿಕರು ಒಮ್ಮೆಗೇ ಪತ್ತುಗೆಟ್ಟವರೆನಿಸಿದರು. ಬೇಕೆಂದು ಬರೆದ ಕೂಟಲೇಖವೂ ಅಜಾಗ್ರತೆಯಿಂದ ಬರೆದ ಸುಳ್ಳು ಲೆಕ್ಕವೂ ಬಾಧೆಗೊಳಗಾದವನ ಪಾಲಿಗೆ ಒಂದೇ. ಆದುದರಿಂದ ಪತ್ತನ್ನು ಮರಳಿ ಕಟ್ಟಲು ಹೊರಟವನ ಮೊದಲ ಹೆಜ್ಜೆಯು ಹೊಸ ಕಾರ್ಡಲ್ಲ. ತನ್ನ ವರದಿಯನ್ನು ತರಿಸಿ ಅಕ್ಷರಶಃ ಓದುವುದು.

ನಮ್ಮ ದೇಶದಲ್ಲಿ

ಭಾರತದಲ್ಲಿ ಸಿಬಿಲ್ ಸಂಸ್ಥೆಯು 2000ದಲ್ಲಿ ಸ್ಥಾಪನೆಯಾಯಿತು. ಇಂತಹ ಸಂಸ್ಥೆಗಳ ನಿಯಂತ್ರಣಕ್ಕಾಗಿ 2005ರಲ್ಲಿ ಕಾಯಿದೆಯಾಯಿತು. ಇಲ್ಲಿಯ ಅಂಕವು 300ರಿಂದ 900ರವರೆಗೆ. ರಿಸರ್ವ್ ಬ್ಯಾಂಕಿನ ಆದೇಶದಂತೆ, 2017ರಿಂದ ಪ್ರತಿಯೊಬ್ಬನೂ ಪ್ರತಿಯೊಂದು ಪತ್ತುಮಾಹಿತಿ ಸಂಸ್ಥೆಯಿಂದಲೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ದೂರಿತ್ತ 30 ದಿನಗಳೊಳಗೆ ತಪ್ಪು ಪರಿಹಾರವಾಗದಿದ್ದರೆ ದಿನಕ್ಕೆ 100 ರೂಪಾಯಿಗಳಂತೆ ಪರಿಹಾರ ಕೊಡಬೇಕೆಂಬ ನಿಯಮವು 2024ರಲ್ಲಿ ಜಾರಿಗೆ ಬಂದಿತು. ಬಡ್ಡಿಯ ವಿಷಯದಲ್ಲಾದರೋ, ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ವಿಧಿಸುವುದು ಅನುಚಿತವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ನೀಡಿದ್ದ ಆದೇಶವನ್ನು 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ರದ್ದುಪಡಿಸಿತು. ಹೀಗಾಗಿ ಆಯೋಗವು ಎಳೆದಿದ್ದ ಗೆರೆಯು ಇಂದಿಲ್ಲ. ಗೆರೆಯನ್ನು ಗೃಹಸ್ಥನೇ ಎಳೆದುಕೊಳ್ಳಬೇಕು.

ಟಪ್ಪನ್ನರ ಪುಸ್ತಕಗಳಿಂದ ಇಂದಿನ ಅಂಕದವರೆಗಿನ ಈ ಚರಿತ್ರೆಯನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಬಿದ್ದವನು ಏಳಲು ಬೇಕಾದವು ಎರಡು: ಅವನ ಕಡೆಯಿಂದ ತಪ್ಪದ ನಿಯಮ, ಸಮಾಜದ ಕಡೆಯಿಂದ ಕಾಲಕ್ಕೆ ಸರಿಯಾಗಿ ಮರೆಯುವ ಔದಾರ್ಯ. ಏಳು ವರ್ಷಗಳ ಬಳಿಕ ಕಡತವೇ ಮರೆಯುವುದನ್ನು ಬಂಧುಬಳಗವು ಎಪ್ಪತ್ತು ವರ್ಷ ನೆನಪಿಟ್ಟು ಆಡಿಕೊಳ್ಳುವುದು ನ್ಯಾಯವಲ್ಲ. ನಮ್ಮ ಮನೆಗಳಲ್ಲಿ ಸಾಲದಲ್ಲಿ ಸೋತವನು ಅದನ್ನು ಹೇಳಿಕೊಳ್ಳಲು ನಾಚಿ, ಗುಟ್ಟಾಗಿ ಅತಿಬಡ್ಡಿಯ ಬಾಗಿಲಿಗೆ ಹೋಗುತ್ತಾನೆ. ಆ ಗುಟ್ಟೇ ಬಡ್ಡಿಗಿಂತ ಹೆಚ್ಚಾಗಿ ಅವನನ್ನು ಕೆಡಿಸುತ್ತದೆ. ಹಿರಿಯರು ಕೇಳಿಸಿಕೊಳ್ಳುವ ಸಹನೆಯನ್ನು ತೋರಲಿ. ವಿದ್ಯಾರ್ಥಿವೇತನ, ಅನ್ನದಾನಗಳನ್ನು ನಡೆಸುತ್ತಿರುವ ವಿಶ್ವಸ್ತ ಮಂಡಲಿಗಳು, ಲೆಕ್ಕಪತ್ರ ಬಲ್ಲ ಸಮಾಜಬಾಂಧವರ ನೆರವಿನಿಂದ, ಇಂತಹವರ ವರದಿಯನ್ನು ಓದಿ ದಾರಿ ತೋರುವ ಕಾರ್ಯವನ್ನೂ ಕೈಗೊಂಡರೆ ಅದು ಸಣ್ಣ ಉಪಕಾರವಲ್ಲ. ಅಪರಿಚಿತರ ಲೋಕಕ್ಕೆ ಅಂಕಿ ಬೇಕಾಯಿತು, ಬೇಕಾಗಿಯೂ ಇರಲಿ. ಪರಿಚಿತರಾದ ನಾವು ಅಂಕಿಯ ಹಿಂದಿರುವ ಮನುಷ್ಯನನ್ನು ಕಾಣಲು ಕಲಿಯಬೇಕು.